ಹುಣಸೆಯ ನೆರಳಿಗೆ ಒಗ್ಗುವ ಗಿಡಗಳು

ಸೋಮವಾರ, 9 ಜೂನ್ 1997

ಇವತ್ತು ನಾನು ಪುರಸಭೆಯ ಉದ್ಯಾನ ಸಮಿತಿಯ ಅಧ್ಯಕ್ಷೆಯಾದೆ. ನನಗೆ ಗೊತ್ತಾದದ್ದು ಮಧ್ಯಾಹ್ನ ಊಟಕ್ಕೆ ಬಡಿಸುವಾಗ.

"ನಿನ್ನ ಗಾರ್ಡನ್ ಕಮಿಟಿ ಚೇರ್ಮನ್ ಮಾಡ್ಯಾರ," ಎಂದರು ಇವರು, ರೊಟ್ಟಿ ಮುರಿಯುತ್ತ. "ನಾ ಹೂಂ ಅಂದು ಬಂದೇನಿ. ಒಂದೀಟು ಶೇಂಗಾ ಚಟ್ನಿ ಹಾಕು."

ಹಾಕಿದೆ.

ಸದಸ್ಯೆ ನಾನೇ. ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಇವರು ಮಳೆಗೆ ಹತ್ತಿ ತೊಯ್ಸಿಕೊಂಡ ವ್ಯಾಪಾರಿಯಂತೆ ಕುಳಿತಿದ್ದರು. ಆಮೇಲೆ ತಮ್ಮ ಮನೆಯಲ್ಲೂ ಒಬ್ಬ ಮಹಿಳೆ ಇದ್ದಾಳೆಂಬುದು ಹೊಳೆಯಿತು. ಗೆದ್ದ ದಿನ ಮಾಲೆಗಳೆಲ್ಲ ಇವರ ಕೊರಳಿಗೆ ಬಿದ್ದವು. ಊರು ಇವರನ್ನು 'ಮೆಂಬರ್ರ' ಎಂದು ಕರೆಯುತ್ತದೆ, ನನ್ನನ್ನು 'ಮೆಂಬರ್ರ ಮನಿಯವರು' ಎಂದು. ಸಭೆಯಲ್ಲಿ ಮಹಿಳಾ ಸದಸ್ಯರಾದ ನಾವು ಮುಂದಿನ ಸಾಲಿನಲ್ಲಿ ಕೂರುತ್ತೇವೆ. ಹಿಂದಿನ ಗೋಡೆಗೆ ಹಾಕಿದ ಕುರ್ಚಿಗಳಲ್ಲಿ ನಮ್ಮ ಗಂಡಂದಿರು ಕೂತು ಮಾತಾಡುತ್ತಾರೆ. ಇವತ್ತು ಅತ್ತೆಯವರ ಮೊಣಕಾಲು ನೋವಿನಿಂದಾಗಿ ನಾನು ಹೋಗಿರಲಿಲ್ಲ. ಅದು ಯಾರ ಗಮನಕ್ಕೂ ಬಂದಂತಿಲ್ಲ.

ಸ್ವಾತಂತ್ರ್ಯದ ಸುವರ್ಣ ಮಹೋತ್ಸವಕ್ಕೆಂದು ಬಸ್ ಸ್ಟ್ಯಾಂಡಿನ ಹಿಂದಿನ ಹುಣಸೆ ತೋಪಿನಲ್ಲಿ ಉದ್ಯಾನ ಆಗಬೇಕು. ಆಗಸ್ಟ್ ಹದಿನೈದಕ್ಕೆ ಉದ್ಘಾಟನೆ. ಅಲಂಕಾರದ ಗಿಡಗಳನ್ನು ಆರಿಸುವುದು ನನ್ನ ಕೆಲಸ. ರಸ್ತೆ, ನೀರು, ದೀಪಗಳ ಸಮಿತಿಗಳು ಗಂಡಸರಿಗೆ ಹೋದವಂತೆ. ಹೂವು ಹೆಣ್ಣುಮಕ್ಕಳ ವಿಷಯವೆಂದು ಎಲ್ಲರೂ ಒಪ್ಪಿದರಂತೆ.

ಇದನ್ನು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಇನ್ನೂ ಇದೆ, ಮನೆಯಲ್ಲಿ ಯಾರೂ ಓದಲಾರರು. ಆದರೆ ಇಂಗ್ಲಿಷಿನಲ್ಲಿ ನಾನು ಇರುವುದಕ್ಕಿಂತ ಧೈರ್ಯವಂತೆಯಾಗಿ ಕಾಣುತ್ತೇನೆ. ಹಾಗಾಗಿ ಕನ್ನಡ.

ಗುರುವಾರ, 12 ಜೂನ್

ತೋಪು ನೋಡಲು ಹೋದೆವು. ಮುಂದೆ ಇವರು ಮತ್ತು ಗುತ್ತಿಗೆದಾರ ಸುಭಾಸ, ಹಿಂದೆ ನಾನು.

ಸುಭಾಸ ನಕ್ಷೆ ಬಿಡಿಸಿದ. ನಡುವೆ ಕಾರಂಜಿ, ಸುತ್ತ ಹುಲ್ಲುಹಾಸು, ಅಂಚಿಗೆಲ್ಲ ಗುಲಾಬಿ. ನಕ್ಷೆಯ ತುಂಬ ಬಿಸಿಲು. ನಾನು ತಲೆಯೆತ್ತಿ ನೋಡಿದೆ. ಹುಣಸೆಗಳು ಒಂದರ ಹೆಗಲ ಮೇಲೊಂದು ಕೈಹಾಕಿ ನಿಂತಿವೆ. ಮಧ್ಯಾಹ್ನದ ಬಿಸಿಲು ನೆಲಕ್ಕೆ ಬರುವಷ್ಟರಲ್ಲಿ ಜರಡಿ ಹಿಡಿದ ಹಿಟ್ಟಿನಂತಾಗುತ್ತದೆ.

"ಈ ನೆಳ್ಳಿನಾಗ ಗುಲಾಬಿ ಬರತಾವೇನ್ರಿ?" ಎಂದು ಕೇಳಿದೆ.

ಸುಭಾಸ ಇವರ ಕಡೆ ತಿರುಗಿ ಉತ್ತರಿಸಿದ. "ಮೆಂಬರ್ರ, ಹುಣಸಿ ಕಡದ ಮ್ಯಾಲೆ ನೆಳ್ಳ ಎಲ್ಲಿಂದ ಬರತೈತ್ರಿ?"

ಮರ ಕಡಿಯುವ ವಿಷಯ ನಾನು ಕೇಳಿದ್ದು ಆಗಲೇ. ದೊಡ್ಡ ಮರದ ಬುಡದಲ್ಲಿ ಸೊಪ್ಪು ಮಾರುವ ಬಾಯವ್ವ ಕೇಳಿದ್ದೂ ಆಗಲೇ.

"ಕಡೀತೀರಿ? ಹಂಗಾರ ಮೊದಲ ನನ್ನ ಕೊತಂಬರಿ ಸಾಯತೈತಿ, ಅದರ ಹಿಂದ ನಾ."

"ನಿನಗ ಪ್ಯಾಟ್ಯಾಗ ಜಾಗಾ ಕೊಡತೇವಿ ಬಾಯವ್ವಾ," ಎಂದರು ಇವರು.

"ಆ ತಗಡಿನ ಕೆಳಗೇನ್ರಿ? ಆತು ಬಿಡ್ರಿ. ಅಲ್ಲಿ ಪಲ್ಲೆ ಹಸೇದು ಮಾರೂದು ಬ್ಯಾಡ, ಬೇಯಿಸೇ ಮಾರತೇನಿ."

ಸ್ಕೂಟರಿನ ಹಿಂದೆ ಕುಳಿತು ಮನೆಗೆ ಬರುವಾಗ, ಕಡಿದ ಮರಗಳು ಏನಾಗುತ್ತವೆ ಎಂದು ಕೇಳಿದೆ.

"ಸುಭಾಸನ ಮಾವನ ಇಟ್ಟಂಗಿ ಭಟ್ಟಿಗೆ. ಹುಣಸಿ ಕಟಗಿ ಛಲೋ ಉರೀತೈತಿ. ನೀ ಗುಲಾಬಿ ಬಣ್ಣಾ ಆರಿಸು."

ಬಣ್ಣದ ಬಗ್ಗೆ ಯೋಚಿಸುತ್ತಿದ್ದೇನೆ. ಕೆಂಪು ತೀರ ಸಾಮಾನ್ಯ.

ಭಾನುವಾರ, 22 ಜೂನ್

ಕಪಾಟಿನಲ್ಲಿ ಹಳೆಯ ಇಂಗ್ಲಿಷ್ ತೋಟಗಾರಿಕೆಯ ಪುಸ್ತಕ ಸಿಕ್ಕಿತು, ಶಾಲೆಯಲ್ಲಿ ಬಹುಮಾನ ಬಂದದ್ದು. ನೆರಳಿನ ತೋಟದ ಮೇಲೆ ಒಂದು ಅಧ್ಯಾಯವಿದೆ. ಬರೆದವರು ಬಿಸಿಲನ್ನು ವರ್ಷಕ್ಕೊಮ್ಮೆ ಬರುವ ನೆಂಟನಂತೆ ಕಂಡವರು. ಹಿಮದಿಂದ ಗಿಡಗಳನ್ನು ಕಾಪಾಡುವ ಬಗೆ ವಿವರವಾಗಿದೆ. ನಮ್ಮೂರಲ್ಲಿ ಹಿಮ ಬೀಳಬೇಕಾದರೆ ಪುರಸಭೆಯಲ್ಲಿ ಠರಾವು ಪಾಸಾಗಬೇಕು.

ಒಂದು ಮಾತು ಮಾತ್ರ ಉಪಯೋಗಕ್ಕೆ ಬಂತು. ಮೊದಲು ಬೆಳಕು ನೋಡಿ, ಅದಕ್ಕೆ ತಕ್ಕ ಗಿಡ ಆರಿಸಬೇಕು. ಗಿಡ ಆರಿಸಿಕೊಂಡು ಬೆಳಕನ್ನು ಬದಲಿಸಲು ಹೋಗಬಾರದು. ಇಷ್ಟು ತಿಳಿಯಲು ಪುಸ್ತಕ ಬೇಕಿತ್ತೇ? ನನಗೆ ಬೇಕಿತ್ತು.

ಇವರಿಗೆ ಹೇಳಿದೆ.

"ಪುಸ್ತಕದಾಗ ಬರದಿದ್ದು ನಮ್ಮೂರಾಗ ನಡೀತೈತೇನು? ಹುಣಸಿ ಬುಡಕ ದೆವ್ವ ಬಿಟ್ರ ಏನೂ ಬೆಳ್ಯಾಂಗಿಲ್ಲ."

"ಕುಂಡದಾಗ ಇಟ್ಟು ನೋಡಲೇನ್ರಿ?"

ಇವರು ಸ್ವಲ್ಪ ಯೋಚಿಸಿದರು. "ಇಡು. ಸತ್ತು ಹೋದ್ರ ನಮಗ ಛಲೋನ ಆತು. ಏನೂ ಬರಂಗಿಲ್ಲ ಅಂತ ಸಮಿತಿನ ನೋಡಿ ಹೇಳ್ಯದ ಅಂತ ಬರೀಬಹುದು."

ಇವರು ದೂರದ ವಿಚಾರ ಮಾಡುತ್ತಾರೆ. ನನಗೆ ಅದು ಬರುವುದಿಲ್ಲ.

ಶನಿವಾರ, 28 ಜೂನ್

ಬೆಳಗಾವಿಗೆ ಹೋಗಿ ನರ್ಸರಿಯಿಂದ ಗಿಡ ತಂದೆ. ನರ್ಸರಿಯವನಿಗೆ ನೆರಳಿನ ಗಿಡ ಬೇಕೆಂದ ಕೂಡಲೆ ಅಲ್ಲಿದ್ದ ಎಲ್ಲವೂ ನೆರಳಿನ ಗಿಡಗಳಾದವು. ಕಳ್ಳಿಯನ್ನು ತೋರಿಸಿ ಕೇಳಿದೆ. "ಫುಲ್ ಶೇಡ್, ಮೇಡಂ," ಎಂದ. ಕೊನೆಗೆ ಪುಸ್ತಕದ ಚಿತ್ರ ಹಿಡಿದು ನಾನೇ ಆರಿಸಿದೆ: ಫರ್ನ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ದಪ್ಪ ಎಲೆಗೆ ಬಿಳಿ ಚುಕ್ಕೆಯ ಡೈಫನ್‌ಬಾಕಿಯಾ, ಮತ್ತು ಉದ್ದ ಎಲೆ ನೆಟ್ಟಗೆ ನಿಲ್ಲುವ ಸಾನ್ಸವೇರಿಯಾ. ಕ್ರೋಟನ್ ತರಲಿಲ್ಲ. ನೆರಳಿನಲ್ಲಿ ಅದು ಬಣ್ಣ ಮರೆತು ಬರೀ ಹಸಿರಾಗುತ್ತದಂತೆ.

ಅತ್ತೆ ಸೋಮವ್ವನವರು ಪಡಸಾಲೆಯಲ್ಲಿ ಕುಂಡಗಳನ್ನು ಒಂದೊಂದಾಗಿ ವಿಚಾರಣೆ ಮಾಡಿದರು.

"ಇದು ಹೂ ಬಿಡತೈತಿ?"

"ಇಲ್ಲರಿ ಅತ್ತಿ."

"ಕಾಯಿ?"

"ಇಲ್ಲ."

"ತಪ್ಪಲಾ ಪಲ್ಲೆಕ್ಕ ಬರತೈತಿ?"

"ಬರಂಗಿಲ್ಲರಿ. ಚೆಂದ ಕಾಣಾಕ ಅಷ್ಟ."

"ಹೊತ್ತೊತ್ತಿಗೆ ಹಾಕಿದ್ದು ತಿಂದು, ನೆಳ್ಳಿನಾಗ ಕುಂತು, ಚೆಂದ ಕಾಣೂದು," ಎಂದು ನಿಟ್ಟುಸಿರಿಟ್ಟರು ಅತ್ತೆ. "ನಮ್ಮ ನಿಜಗುಣಪ್ಪನಂಗ ಆತಲ್ಲವಾ."

ತಮ್ಮ ಹೆಸರು ಕೇಳಿ ಇವರು ಪೇಪರಿನ ಹಿಂದಿನಿಂದ ಕೆಮ್ಮಿದರು.

ಬುಧವಾರ, 2 ಜುಲೈ

ಕುಂಡಗಳನ್ನು ತೋಪಿನಲ್ಲಿ ಇರಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ಬೆಳಕು ನೋಡಿದೆ. ನೆರಳೆಂದರೆ ಒಂದೇ ಅಲ್ಲ ಎಂಬುದು ಮೊದಲ ಸಲ ಗೊತ್ತಾಯಿತು. ಮೂಡಣ ಅಂಚಿಗೆ ಎಳೆ ಬಿಸಿಲು ಓರೆಯಾಗಿ ಬರುತ್ತದೆ, ನಡುವೆ ದಿನವಿಡೀ ಹಸಿರು ಮಬ್ಬು, ಪಡುವಣಕ್ಕೆ ಬಸ್ಸಿನ ಧೂಳು.

ಸೋಮವಾರ, 7 ಜುಲೈ

ಫರ್ನ್ ಸತ್ತಿತು.

ಗುರುವಾರ, 10 ಜುಲೈ

ಸ್ಪೈಡರ್ ಪ್ಲಾಂಟ್ ಎಲೆಯ ತುದಿ ಕಂದಾಗಿದೆ. ಬಾಯವ್ವ ದಿನಾ ಕೊತ್ತಂಬರಿ ತೊಳೆದ ನೀರನ್ನು ಅದಕ್ಕೇ ಸುರಿಯುತ್ತಾಳೆ.

"ಅದಕ್ಕ ಇಷ್ಟು ನೀರು ಬ್ಯಾಡ ಬಾಯವ್ವಾ."

"ನೀರು ಬ್ಯಾಡ ಅನ್ನೂ ಗಿಡಾ ಇರತೈತೇನ್ರಿ ಬಾಯಾರ? ನಾಚಿಕಿ ಸ್ವಭಾವದ್ದು ಅದು. ಒತ್ತಾಯ ಮಾಡಬೇಕು."

ಸಿಂಗೋನಿಯಂ ಕುಂಡದಲ್ಲಿ ಅವಳ ತಂಬಾಕಿನ ಚೀಲ ಸಿಕ್ಕಿತು. ಹೊಸ ಎಲೆಯೂ ಒಂದು.

ಬುಧವಾರ, 16 ಜುಲೈ

ಸುಭಾಸ ತೋಪಿಗೆ ಬಂದಿದ್ದ. ಇವರ ಜೊತೆ ಮಾತಾಡುತ್ತ ಡೈಫನ್‌ಬಾಕಿಯಾದ ಎಲೆದಂಟು ಮುರಿದು ಕಡ್ಡಿಯಂತೆ ಬಾಯಿಗಿಟ್ಟುಕೊಂಡ.

"ಅದನ್ನ ಬಾಯಾಗ ಇಡಬ್ಯಾಡ್ರಿ," ಎಂದೆ.

"ತಪ್ಪಲಾ ಏನ್ ಮಾಡತೈತ್ರಿ ಅಕ್ಕಾರ," ಎಂದು ಅಗಿದ.

ಸ್ವಲ್ಪ ಹೊತ್ತಿಗೆ ನಾಲಿಗೆ ದಪ್ಪಗಾಯಿತು. ಕಣ್ಣು ಅಗಲಿಸಿ ಏನೋ ಹೇಳಿದ. ಎಮ್ಮೆ ಕರೆದಂತೆ ಕೇಳಿಸಿತು. ದವಾಖಾನೆಗೆ ಕರೆದೊಯ್ದರು. ಅಪಾಯವಿಲ್ಲವಂತೆ, ಎರಡು ದಿನ ಮಾತಾಡುವ ಹಾಗಿಲ್ಲ. ಸಂಜೆ ಇಡಬೇಕಾಗಿದ್ದ ಅಂದಾಜುಪಟ್ಟಿಯನ್ನು ಕೈಸನ್ನೆಯಲ್ಲೇ ಮಂಡಿಸಿದನಂತೆ.

ಮಕ್ಕಳು ಆಡುವ ಜಾಗಕ್ಕೆ ಈ ಗಿಡ ಬೇಡ. ತೆಗೆದುಹಾಕಿದೆ. ಎಚ್ಚರಿಕೆಯನ್ನು ನಾನು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತೇ? ಗಟ್ಟಿಯಾಗಿ ಮಾತಾಡಿ ರೂಢಿಯಿಲ್ಲ. ಹಾಗೆಂದೇ ಅಂದುಕೊಂಡಿದ್ದೇನೆ.

ಶುಕ್ರವಾರ, 25 ಜುಲೈ

ಇವರು ಮರ ಕಡಿಯಲು ಸಮಿತಿಯ ಒಪ್ಪಿಗೆಯ ಕಾಗದ ತಂದರು. ನಾನು ಕುಂಡಕ್ಕೆ ಮಣ್ಣು ಕಲಸುತ್ತಿದ್ದೆ.

"ಇಲ್ಲೊಂದು ಸಹಿ ಮಾಡು."

"ಕೈ ಮಣ್ಣಾಗ್ಯಾವ್ರಿ."

ಇಷ್ಟು ದಿನ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದ್ದೇನೆ. ಇವತ್ತು ಹೊಸ ಸೀರೆ ಇತ್ತು.

ಸೋಮವಾರ, 28 ಜುಲೈ

ಕೈ ಮಣ್ಣಾಗಿತ್ತು.

ಬುಧವಾರ, 30 ಜುಲೈ

ಈ ಗಿಡಗಳ ಕೆಲಸದಲ್ಲಿ ಕೈ ಒಣಗುವುದೇ ಇಲ್ಲ. ಇವರು ಸಿಟ್ಟಾದರು. "ನೀ ಗಿಡಾ ಹಚ್ಚಾಕ ಹತ್ತೀಯೋ, ಮಣ್ಣಾಗ ಬದುಕಾಕ ಹತ್ತೀಯೋ?" ಎಂದರು. ನ್ಯಾಯವಾದ ಪ್ರಶ್ನೆ.

ಸುಭಾಸ ಒಪ್ಪಿಗೆಗೆ ಕಾಯದೆ ಟ್ರ್ಯಾಕ್ಟರ್ ತಂದು ತೋಪಿನ ನೆಲ ಮಟ್ಟ ಮಾಡಿಸಿದ್ದಾನೆ. ಮೂಲೆಯಲ್ಲಿದ್ದ ಹುತ್ತ ಹೋಯಿತು. ಹುಲ್ಲನ್ನು ಚಾಪೆಯಂತೆ ಸುತ್ತಿ ಲಾರಿಯಲ್ಲಿ ತರುತ್ತಾರಂತೆ. ಗುಲಾಬಿ ಕುಂಡಗಳು ಉದ್ಘಾಟನೆಯ ದಿನದ ಮಟ್ಟಿಗೆ ಬಾಡಿಗೆಗೆ ಬರುತ್ತವಂತೆ. ಅಂದರೆ ನನ್ನ ಅಜ್ಜ ಹುಟ್ಟುವ ಮೊದಲೇ ಇದ್ದ ಮರಗಳನ್ನು ಕಡಿದು, ಸಂಜೆ ವಾಪಸ್ಸಾಗುವ ಗುಲಾಬಿಗಳಿಗೆ ಬಿಸಿಲು ಒದಗಿಸಬೇಕು.

ಗುಲಾಬಿಯ ಬಣ್ಣ ಆರಿಸಿಲ್ಲ. ಸಾನ್ಸವೇರಿಯಾ ಎರಡು ಹೊಸ ಮೊಳಕೆ ಒಡೆದಿದೆ. ಅದರದ್ದೇ ಇನ್ನಷ್ಟು ಕುಂಡ ತರಿಸಿ ಹುತ್ತವಿದ್ದ ಬೋಳು ಮೂಲೆಗೆ ಸಾಲಾಗಿ ಇಟ್ಟೆ.

ಮಂಗಳವಾರ, 5 ಆಗಸ್ಟ್

ಪಂಚಮಿ ಹತ್ತಿರ ಬಂತು. ಎಲ್ಲ ಹುಣಸೆಗಳಿಗೂ ಜೋಕಾಲಿ ಬಿದ್ದಿದೆ. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದಾರೆ. ಸಹಿಗೂ ಕಾಯದೆ ಕೊಡಲಿ ಹಿಡಿದು ಬಂದ ಸುಭಾಸನ ಆಳುಗಳನ್ನು ಮುನವಳ್ಳಿಗೆ ಕೊಟ್ಟ ಹುಡುಗಿಯೊಬ್ಬಳು, "ಬರ್ರಿ ಅಣ್ಣಾರ, ಮೊದಲ ಹಗ್ಗಾ ಬಿಚ್ಚೋರು ಯಾರು?" ಎಂದು ಕೇಳಿದಳಂತೆ. ಯಾರೂ ಬಿಚ್ಚಲಿಲ್ಲ. ಹಬ್ಬ ಮುಗಿಯುವವರೆಗೆ ಕೊಡಲಿಗೆ ರಜೆ.

ಗುರುವಾರ, 7 ಆಗಸ್ಟ್, ನಾಗಚೌತಿ

ಆಗಬಾರದ್ದು ಆಯಿತು.

ಪ್ರತಿವರ್ಷದಂತೆ ಅತ್ತೆಯವರು ಓಣಿಯ ಹೆಂಗಸರೊಂದಿಗೆ ಹುತ್ತಕ್ಕೆ ಹಾಲೆರೆಯಲು ತೋಪಿಗೆ ಹೋದರು. ಹುತ್ತವಿಲ್ಲ. ಹುತ್ತವಿದ್ದಲ್ಲಿ ನನ್ನ ಸಾನ್ಸವೇರಿಯಾ: ನೆಟ್ಟಗೆ ನಿಂತ ಎಲೆಗಳು, ಮೈಮೇಲೆಲ್ಲ ಹಾವಿನ ಪಟ್ಟೆ, ಗಾಳಿಗೆ ಸಣ್ಣಗೆ ತಲೆಯಾಡಿಸುತ್ತಿವೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅತ್ತೆ ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತಿದ್ದರು.

"ಇದು ಅವ್ವನ ಪಾಲ, ಇದು ಅಪ್ಪನ ಪಾಲ, ಇದು ಮಗನ ಪಾಲ, ಇದು ಸ್ವಸಿ ಪಾಲ..."

"ಅತ್ತೀ, ಅದು ನಾ ಹಚ್ಚಿದ್ದು! ಚೆಂದಕ್ಕ ಹಚ್ಚಿದ್ದು!"

"ಹಚ್ಚಿದಾಕಿ ನೀ ಇರಬಹುದು. ಹುತ್ತಾ ಹೋದ ಜಾಗಾಕ್ಕ ಹಚ್ಚಿಸಿದವ ಯಾರು?" ಎಂದರು ಅತ್ತೆ. ಹಿಂದಿದ್ದ ಹೆಂಗಸರೆಲ್ಲ ಕೈಮುಗಿದರು. ನನಗೂ ಸ್ವಲ್ಪ ಮುಗಿದಂತಿತ್ತು.

ಶನಿವಾರ, 9 ಆಗಸ್ಟ್

ಕುಂಡಗಳಿಗೆ ಅರಿಶಿನ, ಕುಂಕುಮ, ಹಸಿರು ಖಣ. ಬಾಯವ್ವ ಸೊಪ್ಪಿನ ಜೊತೆಗೆ ಈಗ ಊದಿನಕಡ್ಡಿಯನ್ನೂ ಮಾರುತ್ತಾಳೆ. ಹಾಲಿಗೆ ಇರುವೆ ಬಂದಿವೆ. ಒಂದು ಕುಂಡದಲ್ಲಿ ಬುಡ ಕೊಳೆತಿದೆ. ಅದಕ್ಕೆ ಬೇಕಾದದ್ದು ಒಣ ಮಣ್ಣು ಎಂದು ಹೇಳಿದರೆ ಕೇಳುವವರಿಲ್ಲ.

ಪುರಸಭೆಯ ಮುಖ್ಯಾಧಿಕಾರಿಗಳು ದಾರಿಯಲ್ಲಿ ಸಿಕ್ಕು ದನಿ ತಗ್ಗಿಸಿ ಹೇಳಿದರು: "ಮೇಡಂ, ಅದು ದೇವರು ಅಂದ್ಬಿಡ್ರಿ. ಹುಣಸಿ ಗಿಡಗಳನ್ನ ಯಾರೂ ಮುಟ್ಟಂಗಿಲ್ಲ."

ಆಸೆಯಾಯಿತು. ಇಷ್ಟು ವಾರ ನಾನು ಬೆಳಕು ನೋಡಿ, ಗಿಡ ಸಾಯಿಸಿ, ಬದುಕಿಸಿ ಹೇಳಿದ ಮಾತಿಗೆ ಸಿಗದ ಬೆಲೆ ಒಂದು ಬಟ್ಟಲು ಹಾಲಿಗೆ ಸಿಕ್ಕಿದೆ. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ನನಗೆ ಅನುಭವವಿದೆ.

ಸೋಮವಾರ, 11 ಆಗಸ್ಟ್

ಸುಭಾಸನ ನಾಲಿಗೆ ಪೂರ್ತಿ ಸರಿಯಾಗಿದೆ. ಮನೆಗೆ ಬಂದು ಇವರ ಮುಂದೆ ಹೊಸ ಉಪಾಯ ಬಿಚ್ಚಿದ.

"ಸ್ವಾಮಿಗಳನ್ನ ಕರಸೂಣ್ರಿ. ಸಾಂಗವಾಗಿ ಪೂಜಿ ಮಾಡಿ, ಬಾಜಾ ಭಜಂತ್ರಿ ಹಚ್ಚಿ, ನಾಗಪ್ಪನ ಕುಂಡಗಳನ್ನ ಗುಡಿಗೆ ಒಯ್ಯೂಣು. ನಾಳೆ ಮೀಟಿಂಗಿನ್ಯಾಗ ಠರಾವು, ನಾಡದ ಕೊಡ್ಲಿ. ಹದಿನೈದಕ್ಕ ಹುಲ್ಲು ಹಾಸಿರತೈತಿ."

"ಶಾಣ್ಯಾ ಅದಿ," ಎಂದರು ಇವರು.

ಅತ್ತೆಯವರನ್ನು ಕೇಳಿದೆ. "ನಾಗಪ್ಪಗ ಗುಡಿ ಸಿಕ್ರ ಛಲೋನ ಆತಲ್ಲ," ಎಂದರು. ಮರಗಳ ಮಾತನ್ನೇ ಎತ್ತಲಿಲ್ಲ.

ದೇವರನ್ನು ಒಂದು ಪೂಜೆ ಮಾಡಿ ಎತ್ತಿ ಬೇರೆಡೆ ಇಡಬಹುದು. ನೆರಳನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಇದು ನನಗೆ ಒಗ್ಗರಣೆ ಹಾಕುವಾಗ ಹೊಳೆಯಿತು. ಸಾಸಿವೆ ಸೀದಿತು.

ಮಂಗಳವಾರ, 12 ಆಗಸ್ಟ್

ಸಭೆ ಇತ್ತು. ಎಲ್ಲ ಎಂದಿನಂತೆಯೇ: ನಾವು ಮುಂದೆ, ಗಂಡಂದಿರು ಗೋಡೆಗೆ.

ಮುಖ್ಯಾಧಿಕಾರಿಗಳು ಠರಾವು ಓದಿದರು. ದೇವರ ಕುಂಡಗಳ ಸ್ಥಳಾಂತರ, ಆಮೇಲೆ ಮರಗಳ ತೆರವು. "ಇದಕ್ಕ ಉದ್ಯಾನ ಸಮಿತಿ ಅಧ್ಯಕ್ಷರ ಒಪ್ಪಿಗಿ ಬೇಕು," ಎಂದರು.

"ಒಪ್ಪಿಗಿ ಐತ್ರಿ," ಎಂದಿತು ಗೋಡೆಯ ಕಡೆಯಿಂದ ಇವರ ದನಿ.

"ಇಲ್ಲರಿ," ಎಂದೆ.

ಯಾರು ಮಾತಾಡಿದ್ದೆಂದು ಮುಖ್ಯಾಧಿಕಾರಿಗಳು ಹುಡುಕಿದರು. ನಾನೂ ಕ್ಷಣಕಾಲ ಹುಡುಕಿದೆ ಎನ್ನಬೇಕು. ಎದ್ದು ನಿಂತಿದ್ದವಳು ನಾನೇ ಆದ್ದರಿಂದ ಮುಂದುವರಿಸಿದೆ.

"ಆ ಕುಂಡದಾಗ ದೇವರಿಲ್ಲರಿ. ಅದು ಚೆಂದಕ್ಕ ಹಚ್ಚೂ ಗಿಡಾ, ಬೆಳಗಾವಿ ನರ್ಸರಿಯೊಳಗ ಸಾಲಾಗಿ ಇಟ್ಟಿರತಾರ. ಕೈಮುಗಿಯೋರು ಮುಗೀಲಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ಠರಾವಿನಾಗ ದೇವರ ಹೆಸರು ಹಾಕಬ್ಯಾಡ್ರಿ. ನಾ ಆರಿಸಿದ ಗಿಡಗಳು ನೆಳ್ಳಿನಾಗ ಬದುಕಿದ್ದನ್ನ ನಿಮಗೆಲ್ಲಾ ತೋರಿಸೇನಿ. ಹುಣಸಿ ಕಡದ್ರ ಅವೂ ಸಾಯತಾವ, ಅದರ ಕೆಳಗ ಕುಂದ್ರೋ ಮಂದಿಗೂ ಜಾಗಾ ಇರಂಗಿಲ್ಲ. ಹುಣಸಿ ಕಡಿಯೂದಕ್ಕ ನನ್ನ ಒಪ್ಪಿಗಿ ಇಲ್ಲ. ನೆಳ್ಳಿನ ಸಲುವಾಗಿ ಇಲ್ಲ ಅಂತ ಬರಕೋರಿ."

"ಏ, ಕುಂಡ್ರು," ಎಂದರು ಇವರು ಹಿಂದಿನಿಂದ.

ಕೂರಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಶೆಟ್ಟೆವ್ವ ಎದ್ದು ನಿಂತಳು. ಆಕೆಯೂ ಸದಸ್ಯೆ. ಸಭೆಯಲ್ಲಿ ಆಕೆಯ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ನಂದೂ ಹಂಗ ಬರಕೋರಿ."

"ಏನಂತ ಬರಕೊಳ್ಳಲಿ ಶೆಟ್ಟೆವ್ವಾ?" ಎಂದರು ಮುಖ್ಯಾಧಿಕಾರಿಗಳು.

"ಅಕ್ಕಾರು ಹೇಳಿದ್ದನ್ನ ಬರಕೊಂಡೀರಿ? ಅದನ್ನ ಇನ್ನೊಂದು ಸಲ ಬರಕೋರಿ."

ಸಾಲಿನಲ್ಲಿದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಗೋಡೆಯ ಕಡೆ ಕೆಮ್ಮು ಎದ್ದಿತು, ಒಂದಾದ ಮೇಲೊಂದು. ಒಪ್ಪಿಗೆ ಇಲ್ಲದ್ದರಿಂದ ತೆರವು ಆಗುವಂತಿಲ್ಲ ಎಂದು ಮುಖ್ಯಾಧಿಕಾರಿಗಳು ಹೇಳಿದರು. ಮತ್ತೆ ಹೇಳಿದರು, ತಮಗೇ ನಂಬಿಕೆ ಬರಲಿಲ್ಲವೋ ಏನೋ.

ಮನೆಗೆ ನಡೆದುಕೊಂಡು ಬಂದೆ. ಇವರು ಸ್ಕೂಟರಿನಲ್ಲಿ ಮೊದಲೇ ಬಂದಿದ್ದರು. ಊಟಕ್ಕೆ ಚಟ್ನಿ ಕೇಳಲಿಲ್ಲ, ತಾವೇ ಹಾಕಿಕೊಂಡರು. ಅಷ್ಟು ಸಿಟ್ಟು.

ಶನಿವಾರ, 16 ಆಗಸ್ಟ್

ನಿನ್ನೆ ಉದ್ಘಾಟನೆ. ಬೆಳಗಾವಿಯಿಂದ ಬಂದ ಸಾಹೇಬರ ಭಾಷಣ ಮೊದಲೇ ಬರೆದಿಟ್ಟದ್ದು. ಸಿಂಗೋನಿಯಂಗಳ ಮುಂದೆ ನಿಂತು, "ಬಿಸಿಲಿನಲ್ಲಿ ನಗುತ್ತಿರುವ ಈ ಗುಲಾಬಿಗಳಂತೆ" ಎಂದು ಓದಿದರು. ಬಿಸಿಲೂ ಇರಲಿಲ್ಲ, ಗುಲಾಬಿಯೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಿಟಿಜಿಟಿ ಮಳೆ ಬಂದಾಗ ಸಾಹೇಬರೂ, ಸುಭಾಸನೂ, ಇವರೂ ದೊಡ್ಡ ಹುಣಸೆಯ ಕೆಳಗೆ ಒತ್ತಿಕೊಂಡು ನಿಂತರು. ಬಾಯವ್ವ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಸುಮ್ಮನೆ ಅಲ್ಲ. ಸಾಹೇಬರಿಗೆ ಎರಡು ಕಟ್ಟು ಮೆಂತ್ಯೆ ಮಾರಿ ಕಳಿಸಿದಳು.

ಮೂಡಣ ಅಂಚಿಗೆ ಬೆಗೋನಿಯಾ ಒಗ್ಗೀತು. ಫರ್ನ್ ಇನ್ನೊಮ್ಮೆ ನೋಡಬೇಕು, ಈ ಸಲ ನಡುವಿನ ಮಬ್ಬಿನಲ್ಲಿ.

ಸೋಮವಾರ, 25 ಆಗಸ್ಟ್

ಶ್ರಾವಣದ ಮೋಡ ಸರಿದು ಎರಡು ದಿನದಿಂದ ಸುಡುವ ಬಿಸಿಲು. ಸಭೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಇವರು ಸ್ಕೂಟರಿನ ಕೀಲಿ ಕೈಯಲ್ಲಿ ಆಡಿಸುತ್ತ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು.

"ಇವತ್ತಿನ ಮೀಟಿಂಗಿಗೆ... ನಾನೂ ಬರಲೇನು?"

"ಬರ್ರಿ," ಎಂದೆ. "ಕಚೇರಿ ಹೊರಗ ಬೇವಿನ ಗಿಡದ ಕೆಳಗ ಛಲೋ ನೆಳ್ಳ ಐತಿ."

ಹೇಳಿದ ಮೇಲೆ, ಒರಟಾಯಿತೇ ಎಂದು ಯೋಚಿಸಿದೆ. ಇರಲಾರದು. ಬಿಸಿಲು ನಿಜಕ್ಕೂ ಜೋರಿತ್ತು.